ಮಗುವಿನ ಕಡೆಯವರು

ಗುಬ್ಬಿ ಶಾಲೆಯ ಅಂಗಳದ ಬಾವಿ ದಾಟಿ ಬಂದಿದ್ದಳು. ಆಗ ಹಿಂದಿನಿಂದ ಚಪ್ಪಾಳೆ ಕೇಳಿಸಿತು.

ಟಪ್ ಟಪ್ ಟಪ್.

ದೊಡ್ಡವರ ಚಪ್ಪಾಳೆಯಲ್ಲ. ದೊಡ್ಡವರ ಕೈ ಸೇರಿದರೆ ಸದ್ದು ಗಟ್ಟಿಯಾಗಿ ಒಡೆಯುತ್ತದೆ. ಇದು ಮೆತ್ತಗೆ, ಒದ್ದೆ ಬಟ್ಟೆ ಕೊಡವಿದ ಹಾಗೆ... ಚಿಕ್ಕ ಕೈಗಳದ್ದು. ಬಹಳ ಕೈಗಳದ್ದು. ಎಲ್ಲ ಒಟ್ಟಿಗೆ.

ಅವಳು ನಿಂತು ತಿರುಗಿ ನೋಡಿದಳು. ಶಾಲೆಯ ಉದ್ದನೆಯ ಕಟ್ಟಡ ಕತ್ತಲಲ್ಲಿ ಮುಳುಗಿತ್ತು. ಕೊನೆಯ ಕೋಣೆಗೆ ಈಗಷ್ಟೇ ಬೀಗ ಹಾಕಿ ಬಂದವಳು ಅವಳೇ. ಬೀಗದ ಕೈ ಇನ್ನೂ ಮುಷ್ಟಿಯಲ್ಲಿತ್ತು.

ಯಾರೋ ಹುಡುಗರು ಗೋಡೆ ಹಾರಿ ಬಂದಿರಬೇಕು ಅಂದುಕೊಂಡಳು. ಅಭ್ಯಾಸಬಲ ನೋಡಿ, ಕೈ ತಾನಾಗಿಯೇ ಮೇಲೆ ಬಂತು. ಎರಡು ಸಲ ತಟ್ಟಿದಳು.

ಟಪ್. ಟಪ್.

ಸ್ವಲ್ಪ ಹೊತ್ತು ಏನೂ ಇಲ್ಲ. ಬಾವಿಯ ಮೇಲೆ ಹೊದಿಸಿದ್ದ ಕಬ್ಬಿಣದ ಜಾಲರಿ ಗಾಳಿಗೆ ಕಿರ್ ಅಂದಿತು. ಆಮೇಲೆ, ಆ ಬೀಗ ಹಾಕಿದ ಕೋಣೆಯ ಒಳಗಿನಿಂದ...

ಟಪ್ ಟಪ್ ಟಪ್.

ಓಡಿದಳು. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಗುಬ್ಬಿ ನನ್ನ ತಂಗಿಯ ಮಗಳು. ದನಿ ಸಣ್ಣ, ಅದಕ್ಕೇ ಮನೆಯಲ್ಲಿ ಆ ಹೆಸರು. ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಟೀಚರಾಗಲು ಕಾಲೇಜಿಗೆ ಸೇರಿದ್ದಳು. ಸೇರಿದ್ದಳು ಅನ್ನುವುದಕ್ಕಿಂತ ಸೇರಿಸಿದ್ದರು. ನನ್ನ ತಂಗಿಗೆ ತಾನು ಟೀಚರಾಗಬೇಕು ಅಂತ ಬಹಳ ಇತ್ತು. ಆಗಲಿಲ್ಲ. ಮಗಳನ್ನು ಮಾಡಲು ಹೊರಟಳು. ಅಷ್ಟೇ ವಿಷಯ.

ಕಾಲೇಜಿನ ಹಿಂದೆಯೇ ಒಂದು ಶಾಲೆ. ಕಲಿಯುವ ಟೀಚರುಗಳು ಅಲ್ಲಿ ಹೋಗಿ ನಿಜವಾದ ಮಕ್ಕಳಿಗೆ ಪಾಠ ಮಾಡಬೇಕು. ಗುಬ್ಬಿಗೆ ಎರಡನೇ ಕ್ಲಾಸು ಕೊಟ್ಟಿದ್ದರು. ಗದ್ದಲದ ಕ್ಲಾಸು. ಇವಳು ಬಾಯಿ ತೆರೆದರೆ ಮುಂದಿನ ಬೆಂಚಿಗೂ ಕೇಳಿಸದು. ಒಬ್ಬ ಬೆಂಚಿನ ಕೆಳಗೆ ತೆವಳುತ್ತಿದ್ದ. ಒಬ್ಬಳು ಪಕ್ಕದವಳ ಜಡೆ ಬಿಚ್ಚಿ ಮತ್ತೆ ಹಾಕುತ್ತಿದ್ದಳು. ಒಬ್ಬ ದಿನಾ ಬಂದು "ಟೀಚರ್, ನೀವು ಯಾವಾಗ ಪಾಠ ಶುರು ಮಾಡ್ತೀರಿ?" ಅಂತ ಕೇಳುತ್ತಿದ್ದ. ಅರ್ಧ ಪಾಠ ಆಗಿರುತ್ತಿತ್ತು.

ಮಕ್ಕಳನ್ನು ಸುಮ್ಮನಾಗಿಸಲು ಅವರಿಗೊಂದು ಉಪಾಯ ಕಲಿಸಿರುತ್ತಾರೆ. ಟೀಚರು ಎರಡು ಸಲ ಚಪ್ಪಾಳೆ ತಟ್ಟಬೇಕು. ಮಕ್ಕಳು ಕೈಯಲ್ಲಿದ್ದದ್ದು ಬಿಟ್ಟು ಮೂರು ಸಲ ತಟ್ಟಬೇಕು. ಆಮೇಲೆ ಪಿಟ್ಟೆನ್ನಬಾರದು. ಗುಬ್ಬಿ ತಟ್ಟಿದರೆ ಉತ್ತರವೇ ಬರುತ್ತಿರಲಿಲ್ಲ.

ಅವಳ ಪಾಠಗಳನ್ನು ತಿದ್ದುತ್ತಿದ್ದ ಹೆಂಗಸಿಗೆ ಹುಡುಗಿಯರು ಇಟ್ಟ ಹೆಸರು ಕೆಂಪು ಮಸಿ ಮೇಡಂ. ಪಾಠದ ಯೋಜನೆ ಬರೆದು ಕೊಟ್ಟರೆ ಗಾಯವಾದ ಹಾಗೆ ವಾಪಸು ಬರುತ್ತಿತ್ತಂತೆ. ಆಕೆ ಹೇಳಿದಳು.

"ಸಂಜೆ ಖಾಲಿ ಕ್ಲಾಸಿನಲ್ಲಿ ನಿಂತು ಅಭ್ಯಾಸ ಮಾಡು. ಆದ್ರೆ ಬೆಂಚಿಗೆ ಪಾಠ ಮಾಡ್ಬೇಡ. ಮಕ್ಕಳು ಕೂತಿದಾರೆ ಅಂತಾನೇ ಮಾಡು. ಪ್ರಶ್ನೆ ಕೇಳು, ಉತ್ತರಕ್ಕೆ ಕಾಯಿ. ಕಣ್ಣು ಕೊಟ್ಟು ನೋಡು."

"ಹೂಂ ಮೇಡಂ."

"ಹೂಂ ಅನ್ನೋದು ನಂಗೇ ಕೇಳಿಸ್ಲಿಲ್ಲ. ಇನ್ನು ಮಕ್ಕಳಿಗೆ ಏನು ಕೇಳಿಸುತ್ತೆ?"

ಇದಕ್ಕೆ ಮೊದಲೇ ಗುಬ್ಬಿ ತಾಯಿಗೆ ಹೇಳಿ ಆಗಿತ್ತು. ನನಗೆ ಇದು ಬೇಡಮ್ಮ, ಕನ್ನಡಕದ ಅಂಗಡಿಯಲ್ಲಿ ಕೆಲಸ ಇದೆ, ಬಾ ಅಂತಿದಾರೆ, ಅಲ್ಲಿ ಜನ ಒಬ್ಬೊಬ್ಬರೇ ಬರ್ತಾರೆ, ಮೆಲ್ಲಗೆ ಮಾತಾಡ್ತಾರೆ ಅಂದಿದ್ದಳು. ನಾನು ಅಲ್ಲೇ ಕೂತಿದ್ದೆ.

"ಬಿಡಿಸು ಅವಳನ್ನ," ಅಂದೆ.

"ನೀನು ಸುಮ್ನಿರಣ್ಣ," ಅಂದಳು ತಂಗಿ. "ಬಸ್ಸಲ್ಲ ಇದು, ಬೇಕಾದ ಕಡೆ ನಿಲ್ಲಿಸಿ ಇಳಿಯೋಕೆ."

ನಾನು ಬಸ್ ಓಡಿಸಿ ಬದುಕಿದವನು.

ಕೊನೆಗೆ ತಂಗಿ ಒಂದು ಮಾತು ಕೊಟ್ಟಳು. ಹೊರಗಿನ ಪರೀಕ್ಷಕರು ಬಂದು ನೋಡುವ ಕೊನೆಯ ಪಾಠ ಒಂದಿರುತ್ತದೆ. "ಅದೊಂದು ಪಾಸಾಗು. ಆಮೇಲೆ ಕನ್ನಡಕ ಮಾರು, ಕತ್ತೆ ಕಾಯಿ, ನಾನು ಬಾಯಿ ಬಿಡಲ್ಲ." ಗುಬ್ಬಿ ಆ ಮಾತನ್ನು ಹಿಡಿದುಕೊಂಡಳು. ಒಂದು ಪಾಠ. ಮುಗಿದರೆ ಬಿಡುಗಡೆ.

ಅದಕ್ಕೇ ಅವಳು ಸಂಜೆ ಸಂಜೆ ಆ ಖಾಲಿ ಕೋಣೆಗೆ ಹೋಗುತ್ತಿದ್ದದ್ದು. ಪಾಠ ಕಳೆಯುವ ಲೆಕ್ಕ. ತಂತಿಯ ಮೇಲೆ ಐದು ಹಕ್ಕಿ. ಎರಡು ಹಾರಿಹೋದವು. ಉಳಿದವೆಷ್ಟು? ಕೇಳಿ, ಕಾಯುವುದು. ಕಾದು, ಯಾರೋ ಹೇಳಿದರು ಅನ್ನುವ ಹಾಗೆ "ಜಾಣ ಮರಿ" ಅನ್ನುವುದು. ಖಾಲಿ ಬೆಂಚಿಗೆ.

ಚಪ್ಪಾಳೆ ಕೇಳಿದ ಮರುದಿನ ತನ್ನ ಗೆಳತಿಗೆ ಹೇಳಿದಳು. ಆ ಹುಡುಗಿ ಬಾಯಿ ಮುಚ್ಚಿದ್ದನ್ನು ಕಂಡವರಿಲ್ಲ, ಬಡಬಡಿ ಅಂತಲೇ ಕರೆಯುತ್ತಿದ್ದರು.

"ಅಯ್ಯೋ, ಒಳ್ಳೇದಾಯ್ತಲ್ಲೇ! ನಿನ್ನ ಪಾಠ ಕೇಳೋಕೆ ದೆವ್ವಗಳಾದ್ರೂ ಬಂದ್ವಲ್ಲ."

"ಮೆಲ್ಲಗೆ ಮಾತಾಡೇ..."

"ನಿಂಗಿಂತ ಮೆಲ್ಲಗೆ ಮಾತಾಡೋಕೆ ನಂಗೆ ಬರಲ್ಲ. ಗೋಡೆಗೆ ಬಡಿದು ವಾಪಸ್ ಬಂದಿರುತ್ತೆ ಕಣೇ, ನಿನ್ನದೇ ಸದ್ದು."

"ನಾನು ತಟ್ಟಿದ್ದು ಎರಡು."

ಬಡಬಡಿ ಬೆರಳು ಮಡಿಸಿ ಎಣಿಸಿದಳಂತೆ. ಆಮೇಲೆ ನಕ್ಕು, "ನಡಿ, ಇವತ್ತು ನಾನೂ ಬರ್ತೀನಿ" ಅಂದಳು.

ಬಂದಳು. ಮೇಜಿನ ಮುಂದೆ ನಿಂತು ಎರಡು ಸಲ ಚಟಾರ್ ಚಟಾರ್ ಅಂತ ತಟ್ಟಿದಳು. ಏನೂ ಇಲ್ಲ. ಕಿಟಕಿಯ ಬಾಗಿಲು ಕೂಡ ಅಲುಗಲಿಲ್ಲ. "ನೋಡಿದ್ಯಾ?" ಅಂದಳು. ಸ್ವಲ್ಪ ಹೊತ್ತು ಬೆಂಚಿನ ಮೇಲೆ ಕೂತು ಪಾಠ ಕೇಳಿದಳು, ಆಕಳಿಸಿದಳು, ಹಸಿವು ಅಂತ ಹೊರಟುಹೋದಳು. ಅವಳ ಚಪ್ಪಲಿಯ ಸದ್ದು ಅಂಗಳ ದಾಟಿ, ಬಾವಿ ದಾಟಿ, ಗೇಟಿನ ಹತ್ತಿರ ನಿಂತಿತು.

ಗುಬ್ಬಿ ಬೋರ್ಡಿನ ಕಡೆ ತಿರುಗಿ ಐದು ಹಕ್ಕಿ ಬರೆದಳು. ಎರಡರ ಮೇಲೆ ಗೆರೆ ಎಳೆದಳು. ಸೀಮೆಸುಣ್ಣ ಕೀಚ್ ಅಂದಿತು.

"ಉಳಿದವೆಷ್ಟು?"

ಬೆನ್ನ ಹಿಂದೆ... ಟಕ್. ಟಕ್. ಟಕ್.

ಬೆರಳ ಗಂಟಿನಿಂದ ಬೆಂಚಿನ ಹಲಗೆ ತಟ್ಟಿದ ಸದ್ದು.

ಅವಳು ತಿರುಗಲಿಲ್ಲ. ತಿರುಗಲು ಆಗಲಿಲ್ಲ ಅಂದಳು. ಬೋರ್ಡಿನ ಮೇಲಿನ ಹಕ್ಕಿಗಳನ್ನು ನೋಡುತ್ತ, ಏನು ಮಾಡಬೇಕು ಅಂತ ತೋಚದೆ, ಕಲಿತದ್ದನ್ನೇ ಹೇಳಿದಳು.

"ಜಾಣ ಮರಿ."

ಹಿಂದೆ ಬೆಂಚುಗಳು ಸಣ್ಣಗೆ ಕಿರುಗುಟ್ಟಿದವು. ಮಕ್ಕಳು ಹೊಗಳಿಸಿಕೊಂಡಾಗ ಮೈ ಮುರಿದು ನೆಟ್ಟಗೆ ಕೂರುತ್ತವಲ್ಲ... ಹಾಗೆ.

ಚೀಲ ತೆಗೆದುಕೊಂಡು ಬಾಗಿಲಿಗೆ ನಡೆದಳು. ಬಾಗಿಲು ತೆರೆಯಲಿಲ್ಲ. ಚಿಲಕ ತೆಗೆದೇ ಇತ್ತು. ಎಳೆದಳು. ಕಾಲು ಕೊಟ್ಟು ಎಳೆದಳು. ಗೋಡೆಯನ್ನು ಎಳೆದ ಹಾಗಾಯಿತು. ಹಿಂದೆ, ಮೆತ್ತಗೆ... ಟಪ್ ಟಪ್ ಟಪ್.

ಮತ್ತೆ ಮೇಜಿನ ಹತ್ತಿರ ಬಂದು ಇನ್ನೊಂದು ಲೆಕ್ಕ ಬರೆದಳು. ಏಳು ಚೆಂಡು, ನಾಲ್ಕು ಕಳೆದುಹೋದವು. ಟಕ್ ಟಕ್ ಟಕ್. ಇನ್ನೊಂದು. ಇನ್ನೊಂದು. ಸೀಮೆಸುಣ್ಣ ಸವೆದು ಉಗುರು ಬೋರ್ಡಿಗೆ ತಾಗುವ ತನಕ. ಆಮೇಲೆ ಬಾಗಿಲು ತಾನಾಗಿ ಗಾಳಿಗೆ ಅಲುಗಿತು. ಬೆರಳಲ್ಲಿ ಮುಟ್ಟಿದರೆ ತೆರೆಯಿತು.

ಮನೆಗೆ ಬಂದಾಗ ತಂಗಿ ಬಾಗಿಲಲ್ಲಿ ಕಾಯುತ್ತಿದ್ದಳು.

"ಇಷ್ಟು ಹೊತ್ತು ಅಭ್ಯಾಸ ಮಾಡಿದ್ಯಾ?"

"ಹೂಂ."

"ನೋಡು, ಹತ್ತಿತು ನಿಂಗೆ. ನಂಗೊತ್ತಿತ್ತು."

ಗುಬ್ಬಿ ಚೀಲ ಇಳಿಸಿ ಕೈ ತೊಳೆಯಲು ಹೋದಳು.

ಮರುದಿನ ಹೋಗಲೇಬಾರದು ಅಂದುಕೊಂಡಳು. ಕೆಂಪು ಮಸಿ ಮೇಡಂ ಬಿಡಲಿಲ್ಲ. "ಕೊನೆ ಪಾಠ ತಲೆ ಮೇಲಿದೆ. ಅಭ್ಯಾಸ ಮಾಡಿ ಬೋರ್ಡು ಹಾಗೇ ಬಿಡು, ಬೆಳಿಗ್ಗೆ ನಾನು ನೋಡ್ತೀನಿ." ಬೋರ್ಡು ಖಾಲಿ ಇದ್ದರೆ ಗೊತ್ತಾಗುತ್ತದೆ. ಬೇರೆ ಕೋಣೆ ಕೊಡಿ ಅಂತ ಕೇಳಿದಳು. ಬೇರೆ ಕೋಣೆಗಳನ್ನು ಬೇರೆ ಹುಡುಗಿಯರಿಗೆ ಕೊಟ್ಟಾಗಿತ್ತು. ಹಾಗಾಗಿ ಹೋದಳು. ಮತ್ತೆ ಹೋದಳು. ಪ್ರತಿ ಸಲವೂ ಬಾಗಿಲು ತೆರೆಯಲು ಇನ್ನಷ್ಟು ಹೊತ್ತು ಹಿಡಿಯುತ್ತಿತ್ತು.

ನನಗೆ ಆಮೇಲೆ ಒಂದು ಮಾತು ಹೇಳಿದಳು. "ಮಾವ, ಭಯಕ್ಕಿಂತ ಕೆಟ್ಟದ್ದು ಏನು ಗೊತ್ತಾ? ಅವು ಎಷ್ಟು ಚೆನ್ನಾಗಿ ಕೇಳ್ತಿದ್ವು. ಒಂದು ದಿನಾನೂ ಯಾರೂ ನನ್ನ ಮಾತು ಹಾಗೆ ಕೇಳಿರ್ಲಿಲ್ಲ."

ಕೊನೆಯ ಪಾಠದ ದಿನ ಬಂತು. ಹಗಲು. ನಿಜವಾದ ಮಕ್ಕಳು. ಹಿಂದುಗಡೆ ಕುರ್ಚಿಯಲ್ಲಿ ಹೊರಗಿನಿಂದ ಬಂದ ಪರೀಕ್ಷಕರು, ಪಕ್ಕದಲ್ಲಿ ಕೆಂಪು ಮಸಿ ಮೇಡಂ, ಶಾಲೆಯ ಹೆಡ್‌ಮಾಸ್ಟರು. ಮಕ್ಕಳು ಸಂತೆಯ ಹಾಗೆ ಗದ್ದಲ ಮಾಡುತ್ತಿದ್ದರು. ಬೆಂಚಿನ ಕೆಳಗಿನವನು ಬೆಂಚಿನ ಕೆಳಗೇ ಇದ್ದ.

ಗುಬ್ಬಿ ಎರಡು ಸಲ ತಟ್ಟಿದಳು.

ಮಕ್ಕಳಲ್ಲಿ ಒಬ್ಬರೂ ತಟ್ಟಲಿಲ್ಲ. ಆದರೂ ಉತ್ತರ ಬಂತು. ಟಪ್ ಟಪ್ ಟಪ್.

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿದರು. ಗದ್ದಲ ನಿಂತಿತು. ಬೆಂಚಿನ ಕೆಳಗಿದ್ದವನು ಮೆಲ್ಲಗೆ ಎದ್ದು ಬಂದು, ಕೈ ಕಟ್ಟಿ ಕೂತ. ಆಮೇಲೆ ಇಡೀ ಕ್ಲಾಸು ಸ್ವಲ್ಪ ಸ್ವಲ್ಪ ಜರುಗಿತು. ಒಂದೊಂದು ಬೆಂಚಿನಲ್ಲೂ ಒಂದು ತುದಿಗೆ ಒತ್ತಿಕೊಂಡು ಕೂತರು.

ಮೊದಲನೇ ಬೆಂಚಿನಲ್ಲಿ ಮೊಣಕಾಲಿಗೆ ಪಟ್ಟಿ ಹಾಕಿಕೊಂಡ ಒಬ್ಬ ಹುಡುಗಿ ಇದ್ದಳು. ಗುಬ್ಬಿ ಬಗ್ಗಿ ಪಿಸುಗುಟ್ಟಿದಳು.

"ಯಾಕೆ ಪುಟ್ಟಿ ಜರುಗಿ ಕೂತೆ?"

"ಜಾಗ ಬೇಕಲ್ಲ ಟೀಚರ್."

ಅಷ್ಟು ಒಳ್ಳೆಯ ಪಾಠ ಆ ವರ್ಷ ಯಾರೂ ಮಾಡಲಿಲ್ಲವಂತೆ. ಸೂಜಿ ಬಿದ್ದರೆ ಕೇಳಿಸುತ್ತಿತ್ತು. ಪರೀಕ್ಷಕರು ಎದ್ದು ಕೈ ಕುಲುಕಿದರು. ಕೆಂಪು ಮಸಿ ಮೇಡಂ ಮೊದಲ ಸಲ ಅವಳ ಹಾಳೆಯ ಮೇಲೆ ಏನೂ ಬರೆಯದೆ ಕೊಟ್ಟಳು. ಹೆಡ್‌ಮಾಸ್ಟರು, "ಓದು ಮುಗಿದ ಕೂಡ್ಲೇ ಇಲ್ಲಿಗೇ ಬಂದುಬಿಡಿ. ಎರಡನೇ ಕ್ಲಾಸು ನಿಮ್ಮದೇ. ಈ ಕೋಣೆ ನಿಮ್ಮದೇ" ಅಂದರು.

ಗುಬ್ಬಿ ಮನೆಗೆ ಬಂದು, "ಪಾಸಾದೆ. ಇನ್ನು ಬಿಡ್ತೀನಿ" ಅಂದಳು.

ತಂಗಿಗೆ ಸುದ್ದಿ ಆಗಲೇ ತಲುಪಿತ್ತು. ಬಡಬಡಿ ಬಂದು ಹೋಗಿದ್ದಳು.

"ಬಿಡೋದಾ? ಇಷ್ಟು ಚೆನ್ನಾಗಿ ಮಾಡೋಳು ಬಿಡೋದಾ? ಕೆಲಸ ಮನೆ ಬಾಗಿಲಿಗೆ ಬಂದಿದೆ."

"ನೀನು ಮಾತು ಕೊಟ್ಟಿದ್ದೆ ಅಮ್ಮ."

"ನಿಂಗೆ ಬರಲ್ಲ ಅಂದುಕೊಂಡು ಕೊಟ್ಟ ಮಾತು ಅದು. ಈಗ ಬರುತ್ತಲ್ಲ!"

ಗುಬ್ಬಿ ಊಟ ಮಾಡಲಿಲ್ಲ. ನೇರ ನನ್ನ ಮನೆಗೆ ಬಂದಳು. ನಾನು ಒಬ್ಬನೇ ಇರುವವನು. ಎರಡು ಕೋಣೆ, ಗೋಡೆಗೆ ತಾಗಿದ ಒಂದು ಬೆಂಚು, ಹಾಲು ಕದಿಯಲು ಬರುವ ಪಕ್ಕದ ಮನೆಯ ಬೆಕ್ಕು. ಅವಳು ಬೆಂಚಿನ ಮೇಲೆ ಕೂತು ಮೊದಲಿಂದ ಕೊನೆಯವರೆಗೆ ಹೇಳಿದಳು. ನಾನು ಕೇಳಿದೆ. ನಂಬಿದೆನೋ ಇಲ್ಲವೋ ಅಂತ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಆದರೆ ಅವಳ ಬೆರಳ ತುದಿ ನೋಡಿದೆ. ಉಗುರು ಸವೆದು ರಕ್ತ ಕಟ್ಟಿತ್ತು.

"ಮಾವ, ಒಂದು ತಪ್ಪು ಮಾಡಿದೀನಿ."

"ಏನು?"

"ಪಾಠ ಮುಗಿದ ಮೇಲೆ ಕ್ಲಾಸು ಬಿಡಬೇಕು. ಯಾವ ಸಾಲು ಸುಮ್ಮನೆ ಕೂತಿದೆಯೋ ಆ ಸಾಲಿಗೆ ಮೊದಲು ಎದ್ದು ಹೋಗಿ ಅಂತ ಹೇಳಬೇಕು. ಆಮೇಲೆ ಇನ್ನೊಂದು ಸಾಲು. ಹೇಳೋ ತನಕ ಮಕ್ಕಳು ಏಳೋ ಹಾಗಿಲ್ಲ. ನಾನು..." ಸವೆದ ಉಗುರು ನೋಡಿಕೊಂಡಳು. "ಖಾಲಿ ಬೆಂಚಿಗೆ ಏನು ಹೇಳೋದು ಅಂತ, ಅದೊಂದನ್ನ ಯಾವತ್ತೂ ಹೇಳಲೇ ಇಲ್ಲ. ದೀಪ ಆರಿಸಿ ಬೀಗ ಹಾಕ್ಕೊಂಡು ಬಂದುಬಿಡ್ತಿದ್ದೆ."

"ಅಂದ್ರೆ?"

"ಇನ್ನೂ ಕೂತೇ ಇದಾರೆ ಮಾವ."

ಒಲೆಯ ಮೇಲೆ ಹಾಲು ಸುಂಯ್ ಅಂತ ಉಕ್ಕಿತು. ನಾನು ಎದ್ದು ಒಲೆ ಆರಿಸಿದೆ.

"ಟಾರ್ಚು ತಗೋ," ಅಂದೆ. "ನಡಿ."

ಕತ್ತಲಾಗಿತ್ತು. ವಾಚ್‌ಮನ್ ಗೇಟಿನ ಹತ್ತಿರ ಬೀಡಿ ಸೇದುತ್ತಿದ್ದ. ಚೀಲ ಮರೆತಿದ್ದೀನಿ ಅಂತ ಗುಬ್ಬಿ ಹೇಳಿದ್ದಕ್ಕೆ ಕೈ ಬೀಸಿದ. ನಾವು ಬಾವಿ ದಾಟಿದೆವು. ನಮ್ಮಿಬ್ಬರ ಹೆಜ್ಜೆಯ ಜಲ್ಲಿಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಅವಳು ಬೀಗ ತೆಗೆದಳು. ಕಟಕ್. ಒಳಗೆ ಹೋಗಿ ದೀಪ ಹಾಕಿದಳು. ಸಾಮಾನ್ಯ ಕೋಣೆ. ನಾಲ್ಕು ಸಾಲು ಬೆಂಚು, ಕಾಗದ ಕತ್ತರಿಸಿ ಗೋಡೆಗೆ ಅಂಟಿಸಿದ ಹೂವು, ಮೂಲೆಯಲ್ಲಿ ಪೊರಕೆ. ಸೀಮೆಸುಣ್ಣದ ವಾಸನೆ. ಯಾರೂ ಇಲ್ಲ.

"ನೀವು ಹೊರಗೆ ಬಾಗಿಲಲ್ಲಿ ನಿಂತಿರಿ," ಅಂದಳು. "ಬಾಗಿಲು ಹಿಡ್ಕೊಂಡಿರಿ. ಬಿಡಬೇಡಿ."

ಹಿಡಿದುಕೊಂಡೆ.

ಅವಳು ಮೇಜಿನ ಮುಂದೆ ನಿಂತು ಎರಡು ಸಲ ತಟ್ಟಿದಳು.

ನಾನು ಕೇಳಿದೆ. ಇದನ್ನು ಇನ್ನೊಬ್ಬರು ಹೇಳಿ ಕೇಳಿದ್ದಲ್ಲ. ನನ್ನ ಈ ಎರಡು ಕಿವಿಯಲ್ಲಿ ಕೇಳಿದೆ. ಮೂರು. ಮೆತ್ತಗೆ. ಒಟ್ಟಿಗೆ.

"ಎಲ್ಲರೂ ಸುಮ್ಮನೆ ಕೂತಿದೀರಿ," ಅಂದಳು ಗುಬ್ಬಿ. ಹೊರಗಿದ್ದ ನನಗೂ ಸ್ಪಷ್ಟ ಕೇಳಿಸಿತು. "ಜಾಣ ಮಕ್ಕಳು. ಕ್ಲಾಸು ಮುಗೀತು. ಮೊದಲನೇ ಸಾಲು... ಎದ್ದು ಹೋಗಿ."

ಮೊದಲ ಬೆಂಚಿನ ಕಾಲು ನೆಲಕ್ಕೆ ಉಜ್ಜಿ ಕ್ರೀಚ್ ಅಂದಿತು. ಆಮೇಲೆ ಬರಿಗಾಲ ಸದ್ದು. ಪಟ ಪಟ ಪಟ ಪಟ... ನನ್ನ ಕಡೆಗೆ ಬಂತು. ಮೊಣಕಾಲ ಎತ್ತರದಲ್ಲಿ ನನ್ನ ಪಂಚೆ ಒಂದು ಕಡೆಗೆ ಒತ್ತಿಕೊಂಡಿತು. ಗಾಳಿ ಇರಲಿಲ್ಲ. ಸದ್ದು ಅಂಗಳಕ್ಕೆ ಇಳಿದು ಬಾವಿಯ ಕಡೆ ಹೋಯಿತು. ಜಾಲರಿ ಕಿರ್ ಅಂದಿತು.

"ಎರಡನೇ ಸಾಲು."

ಪಟ ಪಟ ಪಟ... ಕಿರ್.

"ಮೂರನೇ ಸಾಲು. ನೂಕಬೇಡಿ. ಒಬ್ಬೊಬ್ಬರೇ."

ನೂಕಿದವೋ ಏನೋ, ಬಾಗಿಲ ಚೌಕಟ್ಟಿಗೆ ಏನೋ ಡಬ್ ಅಂತ ತಾಗಿತು. ನಾನು ಹಲ್ಲು ಕಚ್ಚಿ ಬಾಗಿಲು ಹಿಡಿದಿದ್ದೆ.

"ಕೊನೇ ಸಾಲು."

ಪಟ ಪಟ ಪಟ... ಕಿರ್.

ನಿಶ್ಶಬ್ದ. ಗುಬ್ಬಿ ಉಸಿರು ಬಿಟ್ಟಳು. ನನ್ನ ಕಡೆ ನೋಡಿ ಮೊದಲ ಸಲ ನಕ್ಕಳು. ಬಾಗಿಲ ಕಡೆ ಹೆಜ್ಜೆ ಇಟ್ಟಳು.

ನನ್ನ ಕೈಯಲ್ಲಿದ್ದ ಬಾಗಿಲು ಕಿತ್ತುಕೊಂಡು ಹೋಯಿತು. ಧಡಾರ್ ಅಂತ ಮುಚ್ಚಿತು. ಲಾರಿಗೆ ಕಟ್ಟಿದ ಹಗ್ಗ ಎಳೆದುಕೊಂಡ ಹಾಗೆ. ಅಂಗೈ ಸುಲಿಯಿತು.

"ಗುಬ್ಬೀ!"

ಒಳಗಿನಿಂದ ಪಿಸುದನಿ. "ಮಾವ... ಇನ್ನೊಂದಿದೆ."

"ಏನು?"

"ಕೊನೇ ಬೆಂಚಿನ ತುದಿ. ಕಾಲು ಆಡಿಸ್ತಿದೆ. ಬೆಂಚಿಗೆ ತಾಗೋ ಸದ್ದು ಕೇಳಿಸ್ತಿದೆ."

ಬಾಗಿಲಿಗೆ ಕಿವಿ ಕೊಟ್ಟೆ. ಟೊಕ್... ಟೊಕ್... ಟೊಕ್. ಯಾವ ಆತುರವೂ ಇಲ್ಲದ ಸದ್ದು. ಬಹಳ ಹೊತ್ತು ಕಾದು ಅಭ್ಯಾಸವಾದವರ ಸದ್ದು.

"ಹೋಗು ಅಂತ ಹೇಳು ಅದಕ್ಕೆ."

"ಹೇಳಿದೆ. ಹೋಗ್ತಿಲ್ಲ." ಆಮೇಲೆ ಅವಳ ದನಿಯಲ್ಲಿ ಏನೋ ಕುಸಿಯಿತು. "ಮಾವ, ಇದನ್ನ ಕರ್ಕೊಂಡು ಹೋಗೋಕೆ ಯಾರೂ ಬಂದಿಲ್ಲ."

ಆ ಶಾಲೆಯಲ್ಲಿ ಒಂದು ನಿಯಮ ಇದೆ. ಎಲ್ಲ ಶಾಲೆಯಲ್ಲೂ ಇರಬಹುದು. ಸಂಜೆ ಒಂದು ಮಗು ಉಳಿದರೆ, ಅದರ ಮನೆಯವರು ಬರುವ ತನಕ ಟೀಚರು ಬಿಟ್ಟು ಹೋಗುವಂತಿಲ್ಲ. ಎಷ್ಟು ಹೊತ್ತಾದರೂ ಸರಿ. ಗುಬ್ಬಿಗೆ ಒಮ್ಮೆ ಹಾಗಾಗಿತ್ತು. ಯಾರೋ ಮಗುವಿನ ತಂದೆ ಕೆಲಸದಲ್ಲಿ ಸಿಕ್ಕಿಕೊಂಡು, ಇವಳು ದೀಪ ಹತ್ತುವ ತನಕ ಮಗುವನ್ನು ಮಡಿಲಲ್ಲಿ ಕೂರಿಸಿಕೊಂಡಿದ್ದಳು.

"ಬಾಗಿಲು ಒಡೀತೀನಿ," ಅಂದೆ.

ಹೆಗಲು ಕೊಟ್ಟೆ. ಹಳೆಯ ಬಾಗಿಲು, ಹೆಂಚಿನ ಮಾಡು, ಎಲ್ಲ ಅದುರಬೇಕಿತ್ತು. ಒಂದು ಧೂಳಿನ ಕಣ ಉದುರಲಿಲ್ಲ. ಕಿಟಕಿಗೆ ಹೋದೆ. ಸರಳುಗಳ ನಡುವೆ ಅವಳು ಕಂಡಳು. ಮೇಜಿನ ಹಿಂದೆ ಕುರ್ಚಿಯಲ್ಲಿ ಕೂತಿದ್ದಳು. ನೆಟ್ಟಗೆ. ಕೈ ಮೇಜಿನ ಮೇಲೆ. ಕಾಯುವ ಟೀಚರು ಕೂರುವ ಹಾಗೆ.

"ನೀವು ಹೋಗಿ ಮಾವ," ಅಂದಳು ಮೆಲ್ಲಗೆ. "ಅಮ್ಮನಿಗೆ ಹೇಳಿ. ನಾನು ಇಲ್ಲೇ ಇರ್ಬೇಕಾಗುತ್ತೆ."

ಆ ಮಾತು ಹೇಳಿದ ರೀತಿ ನನಗೆ ಹಿಡಿಸಲಿಲ್ಲ. ಒಪ್ಪಿಕೊಂಡವರ ಮಾತು ಅದು.

"ಕರ್ಕೊಂಡು ಹೋಗೋರು ಬಂದಾಗ ಏನಂತ ಹೇಳ್ತಾರೆ?" ಅಂದೆ.

"ಯಾಕೆ?"

"ಹೇಳು."

"ಬಾಗಿಲ ಹತ್ರ ಬಂದು... ಮಗುವಿನ ಕಡೆಯವರು ಅಂತಾರೆ. ನಾವು ಕಳಿಸ್ತೀವಿ."

ನಾನು ಬಾಗಿಲಿಗೆ ಬಂದೆ. ಪಂಚೆ ಸರಿ ಮಾಡಿಕೊಂಡೆ. ಕೆಮ್ಮಿದೆ. ಬೆರಳಿನಿಂದ ಬಾಗಿಲು ತಟ್ಟಿದೆ.

"ಟೀಚರ್," ಅಂದೆ. "ನಾನು ಮಗುವಿನ ಕಡೆಯವನು."

ಟೊಕ್ ಟೊಕ್ ಸದ್ದು ನಿಂತಿತು.

ಒಳಗೆ ಕುರ್ಚಿ ಸರಿಯಿತು. ಗುಬ್ಬಿಯ ದನಿ ಅಳುತ್ತಿತ್ತೋ ಏನೋ, ಆದರೂ ಟೀಚರಿನ ಹಾಗೇ ಹೇಳಿದಳು. "ಬಂದ್ರು ನೋಡು ನಿನ್ನ ಕಡೆಯವರು. ಹೋಗು ಮರಿ."

ಬೆಂಚಿನಿಂದ ಒಂದು ಜೊತೆ ಕಾಲು ನೆಲಕ್ಕೆ ಹಾರಿತು. ಪಟ್. ಆಮೇಲೆ ಪಟ... ಪಟ... ಪಟ. ಬಾಗಿಲು ತೆರೆಯಿತು. ನನ್ನ ಪಂಚೆ ಈ ಸಲ ಪಕ್ಕಕ್ಕೆ ಒತ್ತಿಕೊಳ್ಳಲಿಲ್ಲ. ಹಿಡಿದುಕೊಂಡ ಹಾಗೆ ಸ್ವಲ್ಪ ಕೆಳಕ್ಕೆ ಜಗ್ಗಿತು.

ಗುಬ್ಬಿ ಹೊರಗೆ ಬಂದಳು. ದೀಪ ಆರಿಸಿ ಬೀಗ ಹಾಕಿದಳು. ಬಾವಿಯ ಹತ್ತಿರ ಬಂದಾಗ ನಾನು ಸ್ವಲ್ಪ ನಿಂತೆ. ಜಾಲರಿ ಸದ್ದು ಮಾಡಲಿಲ್ಲ. ಮುಂದೆ ನಡೆದೆ.

"ಯಾಕೆ ಮಾವ ಇಷ್ಟು ನಿಧಾನ?" ಅಂದಳು ಅವಳು, ಗೇಟಿನ ಹತ್ತಿರ ತಿರುಗಿ.

"ಮಂಡಿ ನೋವು," ಅಂದೆ.

ನನಗೆ ಮಂಡಿ ನೋವಿಲ್ಲ.

ಆ ರಾತ್ರಿಯೇ ತಂಗಿಗೆ ಹೇಳಿದೆ. ಕೊಟ್ಟ ಮಾತು ಉಳಿಸ್ಕೋ, ಇಲ್ಲವಾದರೆ ನನ್ನ ಮನೆ ಮೆಟ್ಟಿಲು ಹತ್ತಬೇಡ ಅಂದೆ. ಅವಳು ಬಹಳ ಅತ್ತಳು, ಬಹಳ ಬೈದಳು, ಕೊನೆಗೆ ಬಿಟ್ಟಳು. ಗುಬ್ಬಿ ಈಗ ಕನ್ನಡಕದ ಅಂಗಡಿಯಲ್ಲಿ ಇದ್ದಾಳೆ. ಜನ ಒಬ್ಬೊಬ್ಬರೇ ಬರುತ್ತಾರೆ. ಅಕ್ಷರ ಓದಿಸುತ್ತಾಳೆ, ಚೌಕಟ್ಟು ತೋರಿಸುತ್ತಾಳೆ. ಸಂಜೆ ಅಂಗಡಿ ಮುಚ್ಚಿದ ಕೂಡಲೇ ಹೊರಟು ಮನೆಗೆ ಬರುತ್ತಾಳೆ. ಯಾವ ಬಾಗಿಲೂ ಅವಳನ್ನು ಹಿಡಿಯುವುದಿಲ್ಲ.

ನಾನು ಮೊದಲಿನ ಹಾಗೆ ಎಲ್ಲೂ ಹೋಗುವುದಿಲ್ಲ. ಸಂಜೆ ಗೆಳೆಯರು ಇಸ್ಪೀಟ್ ಎಲೆ ಆಟಕ್ಕೆ ಕರೆಯುತ್ತಾರೆ. ಆಗುವುದಿಲ್ಲ ಅನ್ನುತ್ತೇನೆ. ಯಾಕೆ ಅಂದರೆ ಮಂಡಿ ನೋವು ಅನ್ನುತ್ತೇನೆ. ಒಮ್ಮೆ ಬೆಕ್ಕು ಹಾಲಿಗೆ ಬಾಯಿ ಹಾಕಿತು ಅಂತ ಓಡಿಸಲು ಎರಡು ಸಲ ಚಪ್ಪಾಳೆ ತಟ್ಟಿದೆ. ಒಳಗಿನ ಕೋಣೆಯಿಂದ ಉತ್ತರ ಬಂತು. ಬೆಕ್ಕು ಮತ್ತೆ ಆ ಕಡೆ ಸುಳಿದಿಲ್ಲ. ನಾನೂ ಮತ್ತೆ ತಟ್ಟಿಲ್ಲ.

ಇದು ನಡೆದದ್ದು. ನಾನು ಕತೆ ಕಟ್ಟುವವನಲ್ಲ, ಕಟ್ಟಿ ನನಗೆ ಆಗಬೇಕಾದದ್ದೂ ಏನಿಲ್ಲ.

ತಂಗಿಗೆ ಇದು ಯಾವುದೂ ಗೊತ್ತಿಲ್ಲ. ನಾವಿಬ್ಬರೂ ಹೇಳಿಲ್ಲ. ಕೋಪ ಇಳಿದ ಮೇಲೆ, ಹೋದ ವಾರ, ಬಂದಿದ್ದಳು. ಚಹಾ ಕೊಟ್ಟೆ. ಬೆಂಚಿನ ನಡುವೆ ಕೂತವಳು, ಲೋಟ ಕೈಗೆ ತೆಗೆದುಕೊಂಡು, ಒಂದು ತುದಿಗೆ ಜರುಗಿ ಕೂತಳು.

"ಯಾಕೆ ಜರುಗಿದೆ?" ಅಂದೆ.

ತನ್ನ ಪಕ್ಕ ಒಮ್ಮೆ ನೋಡಿದಳು. ಚಹಾ ಊದಿದಳು.

"ಜಾಗ ಬೇಕಲ್ಲ ಅಣ್ಣ," ಅಂದಳು.